ಕಾಣೆ

ರಾತ್ರಿ ಎರಡೂಕಾಲು. ಉಲಿಯಾಸ್ತಾಯ್ ಆಸ್ಪತ್ರೆ.
ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ.
ಲಾರಿಯ ಇಂಜಿನ್ ಆರಿಸದೆ ಒಳಗೆ ಬಂದಿದ್ದಾನೆ,
ಆರಿಸಿದರೆ ಬೆಳಗಾದರೂ ಹೊತ್ತದು.
ಜೆಲ್ ಬಾಟಲಿ ನನ್ನ ಚಹದ ಮಗ್ಗಿನಲ್ಲಿ ತಲೆಕೆಳಗಾಗಿ ಕೂತಿದೆ;
ಬೆಚ್ಚಗಿದ್ದರೂ ತಾಗಿದೊಡನೆ ಬೆಚ್ಚುತ್ತಾನೆ ದಂಬದಾರ್ಜಾ,
ಕಲ್ಲಿದ್ದಲು ಸಾಗಿಸುವವ,
ಒಂದು ಕಾಲಕ್ಕೆ ನಾದಾಮ್ ಕಣದಲ್ಲಿ ಗಿಡುಗನ ಬಿರುದು ಗೆದ್ದ ಜಟ್ಟಿ.

ನೋವು ನಿನ್ನೆ ಹೊಕ್ಕುಳ ಸುತ್ತ ಇತ್ತಂತೆ.
ಇವತ್ತು ಡೇರೆ ಕಿತ್ತು, ಸಾಮಾನು ಹೇರಿಕೊಂಡು
ಬಲಗಡೆಯ ತಗ್ಗಿಗಿಳಿದು ಬೀಡು ಬಿಟ್ಟಿದೆ.
"ಕುರಿ ಮಾಂಸ ಹಳಸಿತ್ತೇನೋ" ಅನ್ನುತ್ತಾನೆ.
ಎಲ್ಲರೂ ಮೊದಲು ಊಟದ ಮೇಲೆ ಹಾಕುತ್ತಾರೆ.

ನಾನು ಒತ್ತುತ್ತೇನೆ. ಸುಳ್ಳು ಹೇಳಿದ ಮಗುವಿನ ಬಳಿ ಕೂತು
ನಿಜ ಕೇಳುವ ಹಾಗೆ, ಅವಸರವಿಲ್ಲದೆ.
ಗಾಳಿ ಸರಿಯುತ್ತದೆ. ಕರುಳು ಅಪ್ಪಚ್ಚಿಯಾಗಿ ದಾರಿ ಬಿಡುತ್ತದೆ.
ಬಿಡದೆ ಸೆಟೆದು ನಿಂತ ಒಂದು ಬೆರಳು ಸಿಗಬೇಕು, ಕುರುಡು ತುದಿಯದು,
ಗೋಡೆಯಿಂದ ಗೋಡೆಗೆ ಆರು ಮಿಲಿಮೀಟರಿಗೆ ಮಿಕ್ಕಿದ್ದು.
ಸಿಗುವುದಿಲ್ಲ.
ಜಟ್ಟಿಯ ಕೊಬ್ಬಿನಲ್ಲಿ ಶಬ್ದ ಮುಳುಗಿ
ಪರದೆಯ ಮೇಲೆ ಬರೀ ಬೂದಿಯ ಬಿರುಗಾಳಿ.
ಎಡಕ್ಕೆ ಹೊರಳಿಸಿದೆ. ಬೆನ್ನ ಕಡೆಯಿಂದ ಇಣುಕಿದೆ.
ಕಾಣೆ.

ಈ ಒಂದು ಮಾತಿಗೆ ಎಷ್ಟು ಬಾಯಿ!
ನನಗೆ ಕಾಣಿಸಲಿಲ್ಲ ಎಂದೂ ಕಾಣೆ,
ನನಗೆ ಗೊತ್ತಿಲ್ಲ ಎಂದೂ ಕಾಣೆ,
ಇದ್ದದ್ದು ಎಲ್ಲೋ ಹೋಗಿದೆ, ಹುಡುಕಿ ಎಂದೂ ಕಾಣೆ.
ಇಲ್ಲ ಎಂದು ಮಾತ್ರ ಅಲ್ಲ.

ನಾಲ್ಕು ವರ್ಷದ ಹಿಂದೆ ಅದನ್ನೇ ಬರೆದಿದ್ದೆ,
"ಅಪೆಂಡಿಕ್ಸ್ ಕಾಣಲಿಲ್ಲ", ಕೆಳಗೆ ಸಹಿ.
ಹೊಸ ಡಾಕ್ಟರು ಅದನ್ನು "ಏನೂ ಇಲ್ಲ" ಎಂದು ಓದಿಕೊಂಡ.
ಗಣಿತದ ಮೇಡಂ ನೊರ್ಜ್‌ಮಾ ಎರಡು ಮಾತ್ರೆ ನುಂಗಿ ಮನೆಗೆ ಹೋದಳು.
ಮೂರನೆಯ ದಿನ ಜಮಖಾನದಲ್ಲಿ ಹೊತ್ತು ತಂದರು,
ಹೊಟ್ಟೆ ಹಲಗೆಯಂತೆ ಬಿಗಿದು.
ಬದುಕಿದಳು. ಇಪ್ಪತ್ತೆರಡು ದಿನ ಪಕ್ಕೆಯಲ್ಲಿ ನಳಿಗೆ.
ಈಗಲೂ ಚಳಿ ಶುರುವಾಗುವ ಮುಂಚೆ
ಒಣಮೊಸರಿನ ಪೊಟ್ಟಣ ತಂದುಕೊಡುತ್ತಾಳೆ,
ಆ ವಿಷಯ ಒಂದು ಮಾತೂ ಆಡುವುದಿಲ್ಲ.
ಆ ಗಟ್ಟಿ ಹುಳಿಯನ್ನು ನಾನು ವರ್ಷವಿಡೀ ಚೀಪುತ್ತೇನೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಇದು ಅಂಗೈಯಲ್ಲಿಲ್ಲವಲ್ಲ.

ಸಿಟಿ ಕೋಣೆಯ ಗಂಜೋರಿಗ್‌ನನ್ನು ಎಬ್ಬಿಸಿದೆ.
ಯಂತ್ರ ಕಾಯುವ ತನಕ ನಾವೂ ಕಾಯಬೇಕು.
"ಔಷಧಿ ಹರಿಯುವಾಗ ಗಂಟಲು ಬಿಸಿಯಾಗುತ್ತದೆ,
ಚಡ್ಡಿ ಒದ್ದೆಯಾಯಿತು ಅನ್ನಿಸುತ್ತದೆ, ಆಗಿರುವುದಿಲ್ಲ."
"ಆಗಿದ್ದರೆ?"
"ಆಗಿದ್ದರೆ ನಾನು ಕಾಣೆ."
ಕೈಗಳೆರಡನ್ನೂ ತಲೆಯ ಮೇಲೆತ್ತಿ ಉಂಗುರದೊಳಗೆ ಹೋದ,
ಗೆದ್ದವರು ಗರುಡನಂತೆ ಕುಣಿಯುವ ಭಂಗಿ,
ಕುಣಿತವೊಂದಿಲ್ಲ.

ಎಲೆ ಎಲೆಯಾಗಿ ಅವನೊಳಗೆ ಇಳಿದೆ:
ಯಕೃತ್ತು, ಮೂತ್ರಪಿಂಡ, ಸೊಂಟದ ಮೂಳೆಯ ರೆಕ್ಕೆ.
ದೊಡ್ಡ ಕರುಳಿನ ಬೆನ್ನ ಹಿಂದೆ, ಅವಿತು,
ಹನ್ನೊಂದು ಮಿಲಿಮೀಟರು. ಬುಡದಲ್ಲೊಂದು ಬಿಳಿ ಕಲ್ಲು.
ಸುತ್ತಲ ಕೊಬ್ಬಿನಲ್ಲಿ ಹೊಗೆ,
ದೂರದ ಡೇರೆಯೊಳಗೆ ಯಾರೋ ಒಲೆ ಹಚ್ಚಿದ್ದಾರೆಂದು
ಹೊರಗಿನವರಿಗೆ ಗೊತ್ತಾಗುವಂಥ ಹೊಗೆ.
ಒಡೆದಿಲ್ಲ ಇನ್ನೂ.

"ಎಷ್ಟು ದೊಡ್ಡದು?"
ಕಿರುಬೆರಳು ತೋರಿಸಿದೆ.
ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ.
"ಇಷ್ಟೇ ಇಷ್ಟು ನನ್ನನ್ನು ಕೆಡವಿತೇ?
ಸೋತವನು ಗೆದ್ದವನ ತೋಳಿನಡಿ ನುಸಿಯಬೇಕು.
ಇದರ ತೋಳು ಎಲ್ಲಿ ಹುಡುಕಲಿ, ಡಾಕ್ಟರೇ?"

ಸರ್ಜನ್ ಬೂಟಿನ ಹಿಮ ಕೊಡವುತ್ತ ಬಂದ.
ಸ್ಟ್ರೆಚರ್ ತಿರುವಿನಲ್ಲಿ ಮರೆಯಾಗುವಾಗ ಒಳಗಿಂದ ದನಿ,
"ಲಾರಿ ಆರಿಸಬೇಡಿ!"

ವರದಿಯ ಕೆಳಗಿನ ಭಾಗ ಸಲೀಸಾಗಿ ಮುಗಿಯಿತು.
ಮೇಲಿನ ಸಾಲು ಬಾಕಿ, ಅಲ್ಟ್ರಾಸೌಂಡಿನದು.
"ಕಾಣಲಿಲ್ಲ" ಎಂದು ಬರೆದು
ಚುಕ್ಕೆ ಇಡದೆ ಅದರ ಮುಂದೆ ಸ್ವಲ್ಪ ಹೊತ್ತು ಕೂತೆ.
ಅಂಗಳದ ಕತ್ತಲಲ್ಲಿ ಇಂಜಿನ್
ಯಾರಿಗೂ ಕಾಣದೆ ಗುರುಗುಡುತ್ತಲೇ ಇತ್ತು.