ಒಂದಾಳು ಬಾಕಿ

ಪಣತದ ಹಿಂದಿನ ಗೋಡೆಯಲ್ಲಿ ಇದ್ದಿಲ ಗೀಟು.
ಎಡಕ್ಕೆ ನಾವು ಹೋದದ್ದು, ಬಲಕ್ಕೆ ಅವರು ಬಂದದ್ದು.
ಮುಯ್ಯಾಳಿಗೆ ಪುಸ್ತಕ ಇಟ್ಟವರಿಲ್ಲ ನಮ್ಮಲ್ಲಿ.
ಸುಣ್ಣ ಬಳಿಯುವ ದಿನ ಮಾತ್ರ
ಅತ್ತೆ ಕುಂಚದವನ ಬೆನ್ನಿಗೇ ನಿಲ್ಲುತ್ತಿದ್ದರು:
ಅಲ್ಲಿ ಬ್ಯಾಡ ಮಾರಾಯ, ಅಷ್ಟು ಜಾಗ ಬಿಟ್ಟು ಬಳಿ.

ಗುತ್ಯಮ್ಮನ ಹೆಸರಿಗೆ ಬಲಗಡೆ ನಾಲ್ಕು.
ಎಡಗಡೆ ಮೂರು.

ಹೋದ ವರ್ಷ, ಮೋಡ ಕಟ್ಟಿದ ಆ ಗುರುವಾರ,
ಕೊಯ್ದು ಹಾಸಿದ ಭತ್ತ ಇನ್ನೂ ಗದ್ದೆಯಲ್ಲೇ ಇರುವಾಗ
ಕರೆಯದೆ ಬಂದಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ.
ನಾಲ್ಕನೆಯ ಗೀಟು ಅದು.
ಸಂಜೆ ಸಿವುಡು ಎಣಿಸುತ್ತ
'ಮುಂದಿನ ಸುಗ್ಗಿಗೆ ನೀ ನಂಗೆ ಒಂದಾಳು, ಮರೀಬ್ಯಾಡ' ಎಂದು
ನನ್ನ ಸಂಚಿಯಿಂದಲೇ ಎಲೆ ತೆಗೆದು ಮೆದ್ದು
ಸುಣ್ಣ ಖಾರವೆಂದು ನನ್ನನ್ನೇ ಬೈದಳು.

ಆಷಾಢದಲ್ಲಿ ಹೋದಳು. ಮೂರು ದಿನದ ಜ್ವರ.
ಸಾಗರದ ಆಸ್ಪತ್ರೆಯಲ್ಲಿ ಕೊನೆಗೆ ಕೇಳಿದ್ದು
ಅಗೆಮಡಿಯ ನೀರು ಇಳಿಯಿತಾ ಎಂದಂತೆ.

ಈಗ ಅವಳ ಗದ್ದೆಗೆ ಸೇಲಂ ಕಡೆಯ ಮಿಷಿನ್ನು.
ಗಂಟೆಗೆ ಎರಡೂವರೆ ಸಾವಿರ.
ಡ್ರೈವರನಿಗೆ ಬರುವ ಕನ್ನಡ ಎರಡೇ ಮಾತು:
'ನೀರು', 'ಹಿಂದೆ ಹೋಗಿ'.
ಐವತ್ತು ನಿಮಿಷಕ್ಕೆ ಒಂದೆಕರೆ ಬಯಲಾಯಿತು.
ಬೆನ್ನು ನೋವು ಬಲ್ಲವರು ಅದನ್ನು ಬೈಯಲಾರರು,
ನಾನೂ ಬೈಯಲಿಲ್ಲ.
ನಮ್ಮ ಮೆಟ್ಟಿಲುಗದ್ದೆಗೆ ಅದು ಇಳಿಯುವುದಿಲ್ಲ, ಅಷ್ಟೆ.

'ಮುಯ್ಯಾಳು ಎಂತಕ್ಕೆ ಚಿಕ್ಕಮ್ಮ, ಮುಗೀತಲ್ಲ' ಎಂದ
ಅವಳ ಮಗ ಲೋಹಿತ, ಚೀಲದ ಬಾಯಿ ಹೊಲಿಯುತ್ತ.

ಮುಗಿದಿರಲಿಲ್ಲ.
ಮಿಷಿನ್ನು ತಿರುಗಲಾರದ ನಾಲ್ಕು ಮೂಲೆಯಲ್ಲಿ
ಭತ್ತ ನಿಂತೇ ಇತ್ತು,
ತಲೆ ಬೋಳಿಸುವಾಗ ಕಿವಿಯ ಹಿಂದೆ ಬಿಟ್ಟ ಕೂದಲಿನಂತೆ.

ಮಾರನೆಯ ಬೆಳಿಗ್ಗೆ ಕತ್ತಿ ಹಿಡಿದು ಹೋದೆ. ಇಬ್ಬನಿ ಆರಿರಲಿಲ್ಲ.
ಹಳ್ಳದ ಬದಿಯ ಮೂಲೆಯಲ್ಲಿ ಏಡಿಯ ಬಿಲ,
ಬಾಯಿಗೆ ಹಸಿಮಣ್ಣಿನ ಗುಳಿಗೆ.
ಎರಡನೆಯದರಲ್ಲಿ ಅಂಚಿನ ಅಲಸಂದೆ ಬಳ್ಳಿ ಒಳಗೆ ನುಗ್ಗಿ
ನಾಲ್ಕು ತೆನೆಯನ್ನು ಒಟ್ಟಿಗೆ ಹಿಡಿದುಕೊಂಡಿತ್ತು.
ಮೂರನೆಯ ಮೂಲೆ
ಭೂಮಿ ಹುಣ್ಣಿಮೆಗೆ ಕಡುಬು ಹುಗಿಯುವ ಜಾಗ.
ಈ ಸಲ ಹುಗಿದದ್ದು ಸೊಸೆ ಮೇನಕಾ.
ಆಳ ಸಾಲದೆ ಹಂದಿ ಕೆದಕಿದೆ,
ಎಲೆಯೊಂದು ಒಣಗಿ ಬುಡದಲ್ಲಿ ಬಿದ್ದಿದೆ.

ಅಷ್ಟರಲ್ಲಿ ಅವಳೇ ಬಂದಳು, ಲೋಟ ಮುಚ್ಚಿಕೊಂಡು.
ಶಿಕಾರಿಪುರದ ಬಯಲ ಕಡೆಯ ಹುಡುಗಿ,
ಮೆಕ್ಕೆಜೋಳ ಗೊತ್ತು, ಸಿವುಡಿನ ಗಂಟು ಗೊತ್ತಿಲ್ಲ.
ಹುಲ್ಲನ್ನೇ ಹೊಸೆದು, ಸುತ್ತಿ, ತುದಿ ಒಳಗೆ ತೂರಿಸಿ
ತೋರಿಸಿದೆ.
ಕಟ್ಟಿದಳು. ಎತ್ತಿದ ಕೂಡಲೇ ಬಿಚ್ಚಿ ಹರಡಿತು.
ಇನ್ನೊಂದು. ಅದೂ.
'ಅತ್ತೆ ಇದ್ದಿದ್ರೆ ಬೈತಿದ್ರು' ಎಂದಳು.
ಬೈತಿದ್ದಳು, ಎಂದೆ. ನನಗೂ ಬೈತಿದ್ದಳು,
ಇಷ್ಟು ಮೇಲಕ್ಕೆ ಕೊಯ್ದರೆ ದನ ಏನು ತಿನ್ನಬೇಕು ಎಂದು.
ಕತ್ತಿಯನ್ನು ಇನ್ನೂ ತಗ್ಗಿಸಿದೆ.

ಹೊತ್ತು ನೆತ್ತಿಗೆ ಬರುವ ಮೊದಲೇ ಎಲ್ಲ ಆಯಿತು.
ಹನ್ನೊಂದು ಸಿವುಡು.
ಕಲ್ಲಿಗೆ ಬಡಿದರೆ ಎರಡು ಕೊಳಗವೋ ಏನೋ,
ಜೊಳ್ಳು ತೂರಿದರೆ ಅಷ್ಟೂ ಇಲ್ಲ.

ಮನೆಗೆ ಬಂದು ಹೆಬ್ಬೆರಳಿಗೆ ಎಂಜಲು ಹಚ್ಚಿ
ನಾಲ್ಕನೆಯ ಗೀಟನ್ನು ಒರೆಸಿದೆ, ಅರ್ಧ.
ಅರ್ಧ ದಿನಕ್ಕೆ ಅರ್ಧ. ಲೆಕ್ಕ ಲೆಕ್ಕವೇ.
ಕೆಳಗಿನ ತುಂಡು ಉಳಿಯಿತು, ಕಾಡಿಗೆ ಕಡ್ಡಿಯ ಹಾಗೆ.
ಬೆರಳು ತೊಳೆದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ,
ಅದೇ ಕೈಯಲ್ಲಿ ಸಾರಿಗೆ ಹುಳಿ ಹಿಂಡಿದೆ.

ನಾಳೆ ನಮ್ಮ ಗದ್ದೆ.
ನಾನು, ಇವರು, ಮೊಣಕಾಲು ಹಿಡಿದ ಭಾವ,
ಕೂಡಿದರೆ ಎರಡೂವರೆ ಆಳು.
ಮೇಲಿನ ಹಾಳೆಯಲ್ಲಿ ಭತ್ತ ಮಲಗಿಬಿಟ್ಟಿದೆ,
ಎಬ್ಬಿಸಿ ಎಬ್ಬಿಸಿ ಕೊಯ್ಯಬೇಕು.

ರಾತ್ರಿ ಇವರು ಗೋಡೆ ನೋಡಿ ಕೇಳಿದರು:
ಪೂರ್ತಿ ಒರೆಸಬಾರದಾ? ಸತ್ತವಳ ಲೆಕ್ಕ.
ನಾನು ಕತ್ತಿ ಮಸೆಯುತ್ತಿದ್ದೆ.
ಕೇಳಿಸಲಿಲ್ಲ ಅಂದುಕೊಂಡರೋ ಏನೋ,
ಇನ್ನೊಮ್ಮೆ ಕೇಳಲಿಲ್ಲ.