ಎರಡು ನೂಲು ಸಂದಿ

ಗುಳೇದಗುಡ್ಡದಾಗ, ಸಾಲಿ ಹಿಂದಿನ ಓಣ್ಯಾಗ
ಹತ್ತು ಫೂಟು ಅಗಲ, ಹದಿನಾರು ಉದ್ದದ ಮನಿ.
ಟೇಪು ಬಿಚ್ಚಿದರ ಆ ತುದಿ ಹಿಡಿಯಾವರು
ನಿಲ್ಲಾಕ ನೆಲ ಇರಲಿಲ್ಲ;
ಕಸ್ತೂರೆವ್ವ ಒಲಿಕಟ್ಟಿ ಹತ್ತಿ ಹಿಡದ್ಲು.

ಅರ್ಧ ಮನಿ ಮಗ್ಗದ್ದು.
ಮಗ್ಗದ ಅರ್ಧ ನೆಲದ ಒಳಗ.
ಕುಣಿಯಾಗ ಕಾಲು ಇಳಿಬಿಟ್ಟು ಕುಂತ ಮುದಕಪ್ಪ
ಲಾಳಿ ನಿಲ್ಲಿಸದನ ಕೇಳಿದ:
“ಬಡಿಗೇರ, ನನ್ನ ಎಲ್ಲಿ ಮಡಚಿ ಇಡತಿ?”

ಸೊಸಿಗೆ ಸಿಟ್ಟೂ ಬಂತು, ನಗೂನೂ ಬಂತು.
ಕಟ್ಟಿ ಮ್ಯಾಲಿಂದನ ಒಂದೊಂದ ಹೇಳಿದ್ಲು:
ಹುಡುಗಿ ಈ ವರ್ಷ ಹತ್ತನೇತ್ತ, ಓದಾಕ ಟೇಬಲ್ಲು,
ಓದಿದ ಮ್ಯಾಲ ಗ್ವಾಡಿಗೆ ಹತ್ತಿ ಮಾಯ ಆಗಬೇಕು.
ಐದು ಕೌದಿ ನುಂಗೋವಂಥ ಒಂದು ಹೊಟ್ಟಿ.
ಗಂಡ ರಾತ್ರಿಪಾಳಿ ಮುಗಿಸಿ ಬಂದು
ಹಗಲೊತ್ತು ಮಲಗತಾನ, ಮಾರಿಗೆ ಬಿಸಲು ಬೀಳದಂಗ ಏನರ.
ಸಣ್ಣಾಂವ ಓಂಕಾರ ಎಲ್ಲಿ ಬೇಕಾದಲ್ಲಿ ಮಲಗತಾನ,
ಅದ ಚಿಂತಿ.

ಬಾಗಲಕೋಟಿ ಅಂಗಡ್ಯಾಗ ನಾನೂ ನೋಡೇನಿ:
ಸೋಫಾ ಎಳದರ ಮಂಚ,
ಮಂಚ ಎತ್ತಿದರ ಪೆಟಗಿ.
ಎಲ್ಲಾನೂ ಮಡಚತೈತಿ, ಬೆಲಿಚೀಟಿ ಒಂದು ಬಿಟ್ಟು.
ನನಗ ಗೊತ್ತಿರೋದು ಬಿಜಾಗ್ರಿ, ಅಗಳಿ, ಬೇವಿನ ಹಲಗಿ.

ನಮ್ಮವ್ವನ ಮನ್ಯಾಗ ಅಂಗಳದ ಕೆಳಗ ಹಗೇವು ಇತ್ತು,
ಅದರ ಬಾಯಿ ಮ್ಯಾಲ ನಾವು ಊಟಕ್ಕ ಕೂಡತಿದ್ವಿ.
ಜಂತಿಗೆ ನೆಲವು, ನೆಲವಿನಾಗ ಬೆಣ್ಣಿಗಡಗಿ,
ಗ್ವಾಡಿ ದಪ್ಪದಾಗ ಕೊರದ ಮಾಡದಾಗ ದೀಪ, ಕಡ್ಡಿಪೆಟಗಿ, ವಿಭೂತಿಗಟ್ಟಿ.
ತೊಟ್ಲದಿಂದ ನಾ ಇಳದ ಮರುದಿನ
ಅದರಾಗ ಬಳ್ಳೊಳ್ಳಿ ಏರಿತ್ತಂತ.

ಒಂಬತ್ತು ದಿನ ಆತು.
ಹಳೇ ಬಾಗಲದ ಒಂದು ಕದಾನ ಟೇಬಲ್ಲು ಆತು,
ಸರಪಳಿ ಬಿಚ್ಚಿದರ ಮತ್ತ ಗ್ವಾಡಿ.
ಅದರ ಬೆನ್ನಿಗೆ ಕನ್ನಡಿ ಬೇಕಂದ್ಲು ಹುಡುಗಿ,
ಅವರವ್ವ ಹೂಂ ಅನ್ನಲಿಲ್ಲ, ನಾ ಹಚ್ಚಿದೆ.
ಕುಣಿಗೆ ಮೂರು ಹಲಗಿ ಮುಚ್ಚಳ ಕೊಯ್ದೆ:
ಹಗಲು ಅಜ್ಜನ ಕಾಲು, ರಾತ್ರಿ ಓಂಕಾರನ ಹಾಸಗಿ,
ಮ್ಯಾಲ ಹಾಸಿನ ಎಳಿಗಳ ಚಪ್ಪರ.

ಮುದಕಪ್ಪ ಕೈಯಾಡಿಸಿ ನೋಡಿ ಅಂದ:
“ಇಷ್ಟು ಬಿಗಿ ಬ್ಯಾಡ. ನಡಕ ಎರಡು ನೂಲು ಸಂದಿ ಬಿಡು,
ಕುಣಿ ಉಸರಾಡಬೇಕು.”
ಇಂಚಿನ ಎಂಟನೇ ಪಾಲಿಗೆ ನಾವು ನೂಲು ಅಂತೀವಿ.
ಆತನ ನೂಲು ಯಾವುದಂತ ನಾ ಕೇಳಲಿಲ್ಲ,
ಆತನ ಹಾಸಿನಿಂದನ ಒಂದೆಳಿ ಇಸಗೊಂಡು ಮಡಚಿ
ಸಂದಿ ಅಳದೆ.

ಕಡೀ ದಿನ, ಕಟ್ಟಿ ಮ್ಯಾಲ ಚಾ ಇಟ್ಟು
ಕಸ್ತೂರೆವ್ವ ದನಿ ಇಳಿಸಿದ್ಲು:
“ಇನ್ನೊಂದು ಐತಿ. ಯಾರಿಗೂ ಕಾಣಬಾರದು.
ನನ್ನ ಒಂದು ಕೈ ಹಿಡದರ ಸಾಕು.”
ಏನು ಇಡತಿ ಅನ್ನಲಿಲ್ಲ ನಾನು.
ಟೇಬಲ್ಲಿನ ಹೊಟ್ಟಿ ಕೆಳಗ, ಹಿಡಿಕಿ ಇಲ್ಲದ ಒಂದು ಸಣ್ಣ ಖಾನಿ,
ಎಡಕ್ಕ ಒತ್ತಿದರ ಮಾತ್ರ ಬರತೈತಿ.
ಒತ್ತಿ ನೋಡಿದ್ಲು. ಮುಚ್ಚಿದ್ಲು. ಮತ್ತ ಒತ್ತಿದ್ಲು.
ಒಳಗ ಇನ್ನೂ ಏನೂ ಇರಲಿಲ್ಲ.

ಅದರ ಕೂಲಿ ಬ್ಯಾಡಂದೆ. ಮುದಕಪ್ಪ ಬಿಡಲಿಲ್ಲ,
ದಂಡಿ ಕೆಂಪಿನ ಒಂದು ಕಣ ಮಡಚಿ ಬಗಲಿಗೆ ತುರಕಿದ.

ಮನಿಗೆ ಬಂದು ಹೆಂಡ್ತಿ ಕೈಯಾಗ ಇಟ್ಟೆ.
ಮೂಸಿ ನೋಡಿದ್ಲು, ಸುತ್ತಲೂ ನೋಡಿದ್ಲು:
ಕೂನಿ ತುಂಡು, ರಂದಾದ ಹೊಟ್ಟು, ಹನ್ನೊಂದು ವರ್ಷದಿಂದ
ನಾಳೆ ಮಾಡ್ತೇನಿ ಅಂದ ಕಪಾಟಿನ ಖಾಲಿ ಗ್ವಾಡಿ.
“ಚೊಲೋ ಐತಿ. ಎಲ್ಲಿ ಇಡ್ಲಿ ಇದನ್ನ?”

ಕಿಸೆ ತಡಕಿದೆ. ಟೇಪು ಅವರ ಮನ್ಯಾಗ ಉಳದಿತ್ತು.
ಆಕಿ ಕಣ ಹೆಗಲಿಗೆ ಹಾಕ್ಕೊಂಡು
ಗೇಣಿಲೆ ಗ್ವಾಡಿ ಅಳಿಯಾಕ ಹತ್ತಿದ್ಲು.