ಭೂತದ ಕೈಗಡಿಯಾರ

ಗ್ರಾಂಟ್ ರೋಡಿನ ಟಾಕೀಸು, ಕೊನೆಯ ಆಟ.
ಹೋಟೆಲು ತೊಳೆದು ಬಂದ ನಾವಿಬ್ಬರು,
ಉಗುರಲ್ಲಿನ್ನೂ ಸಾಂಬಾರಿನ ಅರಿಶಿನ.

ಸ್ಮಶಾನ ಥರ್ಮಾಕೋಲಿನದು,
ಫ್ಯಾನು ತಿರುಗಿದರೆ ಗೋರಿ ಅಲುಗುತ್ತದೆ.
ಹೆಣದ ಹೊಟ್ಟೆ ಏರಿಳಿಯುತ್ತಿದೆ.
ರಕ್ತವನ್ನು ಶೀನ ಕಂಡ ಕೂಡಲೇ ಹಿಡಿದ:
ಬೀಟ್ರೂಟು ಬೇಯಿಸಿದ ನೀರು,
ಒಂದು ಕುದಿ ಹೆಚ್ಚಾಗಿದೆ.
ನೂರು ವರ್ಷ ಮಣ್ಣಲ್ಲಿದ್ದ ಭೂತ ಕೈ ಚಾಚಿತು.
ಮಣಿಕಟ್ಟಿನಲ್ಲಿ ವಾಚು.
ಹತ್ತೂ ಇಪ್ಪತ್ತು.

ನಕ್ಕೆವು, ಸಿಳ್ಳೆ ಹಾಕಿದೆವು, ಕುರ್ಚಿ ಬಡಿದೆವು.
ಆಮೇಲೆ ಯಾಕೋ ಶೀನ ನನ್ನ ಮೊಣಕೈ ಹಿಡಿದ,
ಬಿಡಲಿಲ್ಲ.

ಎಲ್ಲವೂ ಸರಿಯಿದ್ದ ಚಿತ್ರಗಳನ್ನೂ ನೋಡಿದ್ದೇನೆ,
ಎ.ಸಿ. ಇದ್ದಲ್ಲಿ, ದುಡ್ಡು ಕೂಡಿಸಿ.
ಹೊಲಿಗೆ ಕಾಣದ ಸೂಟಿನವರು
ಯಾರೂ ನನ್ನ ಕಡೆ ತಿರುಗಲಿಲ್ಲ.
ಇಲ್ಲಿ ಹೊಲಿಗೆ ಬಿಟ್ಟಲ್ಲೆಲ್ಲ ಬಾಗಿಲು.
ಆ ಭೂತಕ್ಕೂ ಇನ್ನೊಂದು ಪಾಳಿ ಇದ್ದಿರಬೇಕು,
ವಿರಾರಿನ ಕೊನೆಯ ಲೋಕಲ್ಲು ತಪ್ಪೀತೆಂದು
ಹೊತ್ತು ನೋಡಲು ಕಟ್ಟಿಕೊಂಡದ್ದು
ಬಿಚ್ಚಲು ಮರೆತಿರಬೇಕು.

ಶಟರೆತ್ತಿ ಒಳಗೆ ಬಂದೆವು.
ಎರಡು ಮೇಜು ಜೋಡಿಸಿದರೆ ಒಂದು ಮಂಚ.
ದೀಪ ಆರಿಸಿದೆ.
ಎಷ್ಟೋ ಹೊತ್ತಿನ ಮೇಲೆ ಕತ್ತಲೊಳಗಿಂದ ಶೀನ:
ಮಾರಾಯಾ,
ಆ ವಾಚು ನಡೀತಾ ಇತ್ತಾ?